ದರ್ಶಿನಿಯ ತಟ್ಟೆಯೂ ರಕ್ತದ ಸಕ್ಕರೆಯೂ

“ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ” ಎಂದು ನಮ್ಮ ಹಿರಿಯರು ಲೆಕ್ಕವನ್ನು ಮೂರಕ್ಕೇ ನಿಲ್ಲಿಸಿಬಿಟ್ಟರು. ಮನೆಯಲ್ಲಿ ಮೂರು ಹೊತ್ತು ಉಂಡು, ನಡುನಡುವೆ ಹೋಟಲಿನಲ್ಲಿ ಮತ್ತೆರಡು ಹೊತ್ತು ನಿಂತುಕೊಂಡೇ ತಿಂಡಿ ಮುಗಿಸಿ ಬರುವ ಕಾಲವೊಂದು ಬಂದೀತೆಂದು ಅವರು ಕನಸಿನಲ್ಲಿಯೂ ಎಣಿಸಿರಲಾರರು. ಎಣಿಸಿದ್ದರೆ ಗಾದೆಗೆ ಇನ್ನೆರಡು ಮಾತು ಸೇರುತ್ತಿದ್ದುವೇನೋ!

ಹಾಸ್ಯವಿರಲಿ. ರಕ್ತದಲ್ಲಿ ಸಕ್ಕರೆ ಏರುವ ಪ್ರವೃತ್ತಿಯುಳ್ಳವರು ಇಂತಹ ದಿಢೀರ್ ತಿಂಡಿಯನ್ನು ತಿನ್ನಬಹುದೇ, ತಿಂದರೆ ಹೇಗೆ ತಿನ್ನಬೇಕು ಎಂಬುದು ಈ ವಾರದ ವಿಚಾರ. ಇದು ಒಬ್ಬಿಬ್ಬರ ಪ್ರಶ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 2021ರ ಹೊತ್ತಿಗೆ ಮಧುಮೇಹಿಗಳು ಸುಮಾರು 10 ಕೋಟಿ 10 ಲಕ್ಷ. ಮಧುಮೇಹದ ಹೊಸ್ತಿಲಲ್ಲಿ ನಿಂತವರು ಸುಮಾರು 13 ಕೋಟಿ 60 ಲಕ್ಷ. ಅಂದಮೇಲೆ ಈ ಅಂಕಣವನ್ನು ಓದುವ ಮನೆಗಳಲ್ಲಿ ಮಧುಮೇಹಿ ಒಬ್ಬರೂ ಇಲ್ಲದ, ಆಗುವ ಸಂಭವವೂ ಇಲ್ಲದ ಮನೆ ವಿರಳವೆಂದೇ ಹೇಳಬೇಕು.

ಇಂತಹ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಒಂದು ಮಾತುಕತೆಯನ್ನು ಕೇಳಿ. ಬೆಳಗಿನ ವಾಯುಸಂಚಾರ ಮುಗಿಸಿ ಬಂದ ಯಜಮಾನರನ್ನು ಗೃಹಿಣಿ ವಿಚಾರಿಸುತ್ತಾಳೆ:

“ಏನೂಂದ್ರೆ, ತಿಂಡಿ ಹಾಕಲೇ?”

“ಒಂದೇ ಇಡ್ಲಿ ಸಾಕು ಕಣೇ. ಡಾಕ್ಟರು ಹೇಳಿದ್ದು ಮರೆತೆಯಾ?”

ಆಕೆ ಪತಿಯ ಸಂಯಮಕ್ಕೆ ಮನಸ್ಸಿನಲ್ಲಿಯೇ ತಲೆದೂಗುತ್ತಾಳೆ. ಸಂಯಮಕ್ಕೆ ಕಾರಣ ಡಾಕ್ಟರಲ್ಲ, ಉದ್ಯಾನದ ಪಕ್ಕದ ದರ್ಶಿನಿಯಲ್ಲಿ ಅರ್ಧ ಗಂಟೆಯ ಹಿಂದೆ ಮುಗಿದ ಮಸಾಲೆದೋಸೆ ಎಂಬುದು ಆಕೆಗೆ ತಿಳಿಯದು. ಆದರೆ ರಕ್ತಕ್ಕೆ ತಿಳಿದಿರುತ್ತದೆ. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯೊಂದಿದೆ. ಅದರ ವರದಿ ಬಂದ ದಿನ, ಬೆಳಗಿನ ಮಾತುಗಳಿಗೂ ಕಾಗದದ ಅಂಕೆಗಳಿಗೂ ತಾಳೆಯಾಗುವುದಿಲ್ಲ. ಮನೆಯಲ್ಲಿ ಮಾತು ಬೆಳೆಯುತ್ತದೆ. ಈ ಗುಟ್ಟಿನ ವಿಷಯಕ್ಕೆ ಮುಂದೆ ಬರೋಣ; ಅದು ಮೇಲ್ನೋಟಕ್ಕೆ ಕಾಣುವಷ್ಟು ಹಗುರವಾದುದಲ್ಲ.

ಮೂರು ಬಗೆಯ ವೇಗ

ದರ್ಶಿನಿ ಎಂಬ ಮಾತು ಹಳೆಯದಾದರೂ ಹೋಟಲಿಗೆ ಆ ಹೆಸರು ಬಂದುದು ಇತ್ತೀಚೆಗೆ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಆರಂಭವಾಯಿತು. ಮೇಜು ಕುರ್ಚಿಗಳಿಲ್ಲ, ಮಾಣಿಯಿಲ್ಲ. ಹಣ ಕೊಟ್ಟು ಚೀಟಿ ಪಡೆದು, ತಟ್ಟೆಯನ್ನು ತಾವೇ ತಂದು, ನಿಂತು ತಿಂದು ಹೊರಡುವುದು. ಕಡಮೆ ಬೆಲೆ, ಕಣ್ಣೆದುರಿನಲ್ಲಿಯೇ ಅಡುಗೆ, ಬಿಸಿಬಿಸಿ ತಿಂಡಿ. ಊರಿಗೆ ಊರೇ ಮೆಚ್ಚಿಕೊಂಡಿತು. 1995ರಲ್ಲಿ ಬ್ರಿಗೇಡ್ ರಸ್ತೆಗೆ ಅಮೆರಿಕದ ಕೆಂಟಕಿ ಫ್ರೈಡ್ ಚಿಕನ್ ಬಂದಿತು. ಬರ್ಗರು, ಪಿಜ್ಜಾಗಳು ಅದನ್ನು ಹಿಂಬಾಲಿಸಿದುವು. 2014ರಲ್ಲಿ ಬೆಂಗಳೂರಿನಲ್ಲಿಯೇ ಸ್ವಿಗ್ಗಿ ಹುಟ್ಟಿದ ಮೇಲೆ ತಿಂಡಿಗಾಗಿ ನಾವು ನಡೆಯುವ ಬದಲು ತಿಂಡಿಯೇ ನಮ್ಮ ಬಾಗಿಲಿಗೆ ಬರತೊಡಗಿತು.

ಈ ಎಲ್ಲ ತಿಂಡಿಗಳ ಹಿರಿಮೆಯೂ ವೇಗದಲ್ಲಿದೆ. ಆದರೆ ವೇಗ ಒಂದೇ ಬಗೆಯದಲ್ಲ, ಮೂರು ಬಗೆಯದು. ಬೇಗ ಸಿದ್ಧವಾಗುವುದು ಮೊದಲನೆಯದು. ಅದರಿಂದ ಯಾರಿಗೂ ಕೇಡಿಲ್ಲ. ಬೇಗಬೇಗನೆ ತಿಂದು ಮುಗಿಸುವುದು ಎರಡನೆಯದು. ಅದು ಅಭ್ಯಾಸದ ದೋಷ. ತಿಂದ ಪಿಷ್ಟ ಬೇಗನೆ ಸಕ್ಕರೆಯಾಗಿ ರಕ್ತಕ್ಕೆ ನುಗ್ಗುವುದು ಮೂರನೆಯದು. ಮಧುಮೇಹಿಯು ಕಡಿವಾಣ ಹಾಕಬೇಕಾದುದು ಈ ಮೂರನೆಯ ವೇಗಕ್ಕೆ. ಅದು ಕೈಗೆ ಸಿಕ್ಕಿದರೆ ದರ್ಶಿನಿಯ ಬಾಗಿಲನ್ನು ಶಾಶ್ವತವಾಗಿ ಮುಚ್ಚಿಕೊಳ್ಳಬೇಕಾಗಿಲ್ಲ.

ವಾಚಕರಿಗೆ ಆಶ್ಚರ್ಯವಾಗಬಹುದಾದ ಒಂದು ಲೆಕ್ಕವಿದೆ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ. ಆರೋಗ್ಯವಂತನ ರಕ್ತದ 100 ಮಿಲಿಲೀಟರಿನಲ್ಲಿ ಬೆಳಗಿನ ಬರಿಹೊಟ್ಟೆಯಲ್ಲಿ 100 ಮಿಲಿಗ್ರಾಮಿಗಿಂತ ಕಡಮೆ ಸಕ್ಕರೆ. ಅಂದರೆ ಇಡೀ ದೇಹದ ರಕ್ತದಲ್ಲಿ ಒಟ್ಟಿಗೆ ಇರುವುದು ಹೆಚ್ಚೆಂದರೆ 5 ಗ್ರಾಂ, ಕಾಫಿಗೆ ಹಾಕುವ ಒಂದು ಚಮಚ! ಇನ್ನು ಸಾಧಾರಣ ಗಾತ್ರದ ಒಂದು ಇಡ್ಲಿಯಲ್ಲಿ 10 ಗ್ರಾಮಿನ ಆಸುಪಾಸು ಪಿಷ್ಟವಿರುತ್ತದೆ. 300 ಮಿಲಿಲೀಟರಿನ ಸಿಹಿ ತಂಪುಪಾನೀಯದಲ್ಲಿ 30 ಗ್ರಾಮಿಗೂ ಮಿಕ್ಕಿ ಸಕ್ಕರೆ. ಇಷ್ಟು ಸಕ್ಕರೆ ರಕ್ತದಲ್ಲಿಯೇ ನಿಲ್ಲದಂತೆ ಅದನ್ನು ಸ್ನಾಯುಗಳಿಗೂ ಯಕೃತ್ತಿಗೂ ಸಾಗಿಸುವ ಕಾರ್ಯಕ್ಕೆ ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಬೇಕು. ಮಧುಮೇಹಿಯಲ್ಲಿ ಅದು ಸಾಲದು, ಇಲ್ಲವೆ ಅದರ ಮಾತು ನಡೆಯದು.

ಮಳೆಯ ದೃಷ್ಟಾಂತದಿಂದ ಇದು ಸ್ಪಷ್ಟವಾದೀತು. ಒಂದೇ ಪ್ರಮಾಣದ ನೀರು ಸೋನೆಯಾಗಿ ದಿನವೆಲ್ಲ ಸುರಿದರೆ ನೆಲ ಹೀರಿಕೊಳ್ಳುತ್ತದೆ; ಅರ್ಧ ಗಂಟೆಯಲ್ಲಿ ಜಡಿದರೆ ಕೆರೆ ಕೋಡಿ ಹರಿದು ಬೀದಿಗೆ ನುಗ್ಗುತ್ತದೆ. ನುಣ್ಣಗೆ ರುಬ್ಬಿದ ಅಕ್ಕಿ, ಮೈದಾ, ರವೆ, ಸಕ್ಕರೆಯ ಪಾನೀಯ ಇವು ಜಡಿಮಳೆ. ನಾರಿರುವ ತರಕಾರಿ, ಬೇಳೆಕಾಳು, ಮೊಸರು, ಮೊಟ್ಟೆ ಇವುಗಳ ಜೊತೆಯಲ್ಲಿ ಬಂದ ಪಿಷ್ಟ ಸೋನೆಯ ಸ್ವಭಾವವನ್ನು ಪಡೆಯುತ್ತದೆ. ಟೊರಾಂಟೊ ವಿಶ್ವವಿದ್ಯಾನಿಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಆಹಾರಗಳನ್ನು ಹೀಗೆ ಅವು ರಕ್ತದ ಸಕ್ಕರೆಯನ್ನು ಏರಿಸುವ ರೀತಿಗನುಸಾರವಾಗಿ ಅಳೆಯುವ ಕ್ರಮವನ್ನು ಮುಂದಿಟ್ಟರು. ಗ್ಲೂಕೋಸಿಗೆ 100 ಎಂದಿಟ್ಟುಕೊಂಡರೆ, 55 ಅಥವಾ ಅದಕ್ಕಿಂತ ಕಡಮೆ ಬಂದುದು ನಿಧಾನದ ಆಹಾರ. 70 ಅಥವಾ ಅದಕ್ಕಿಂತ ಹೆಚ್ಚು ಬಂದುದು ವೇಗದ ಆಹಾರ.

ತಟ್ಟೆಯನ್ನು ಕಟ್ಟುವ ಕ್ರಮ

ಈ ತತ್ತ್ವವನ್ನು ದರ್ಶಿನಿಯ ಫಲಕದ ಮುಂದೆ ನಿಂತು ಅನ್ವಯಿಸುವುದು ಹೇಗೆ?

ಮೊದಲನೆಯ ಸೂತ್ರ: ಒಂದು ತಟ್ಟೆಗೆ ಒಂದೇ ಪಿಷ್ಟ. ಚೌಚೌ ಭಾತು ಎಂದರೆ ರವೆಯ ಪಕ್ಕದಲ್ಲಿ ರವೆ, ಮೇಲೆ ಸಕ್ಕರೆ. ಮಸಾಲೆದೋಸೆ ಎಂದರೆ ಅಕ್ಕಿಯ ಮಡಿಕೆಯೊಳಗೆ ಆಲೂಗೆಡ್ಡೆ. ಪೂರಿ-ಸಾಗುವಿನಲ್ಲಿಯೂ ಬಹುಮಟ್ಟಿಗೆ ಅದೇ ಕಥೆ. ದೋಸೆಯೇ ಬೇಕೆನ್ನುವವರು ಪಲ್ಯವಿಲ್ಲದ ಸಾದಾ ದೋಸೆಯೊಂದನ್ನು ಕೇಳಿ ಪಡೆಯಬಹುದು. ತುಪ್ಪ ಹೆಚ್ಚು ಹಾಕಿಸಿಕೊಂಡರೆ ಸಕ್ಕರೆ ಏರದೆಂದು ವಾದಿಸುವವರಿದ್ದಾರೆ. ಜಿಡ್ಡಿನಿಂದ ಏರಿಕೆ ತಡವಾಗುತ್ತದೆಯೇ ಹೊರತು ಪಿಷ್ಟದ ಲೆಕ್ಕವೇನೂ ಕಡಮೆಯಾಗುವುದಿಲ್ಲ. ಮೈತೂಕ ಮಾತ್ರ ಹೆಚ್ಚುತ್ತದೆ. ಗಿಣ್ಣು ತುಂಬಿದ ಪಿಜ್ಜಾ ತಿಂದವರಿಗೆ ಸಕ್ಕರೆ ಹಲವು ಗಂಟೆಗಳ ಮೇಲೆ, ಮಲಗಿದ ಹೊತ್ತಿನಲ್ಲಿ, ಏರುವುದೂ ಇದೇ ಕಾರಣದಿಂದ.

ಎರಡನೆಯದು: ಪಿಷ್ಟಕ್ಕೆ ತಕ್ಕ ಸಂಗಾತಿ. ಮೂರು ಇಡ್ಲಿ ತಿನ್ನುವವರು ಒಂದು ಇಡ್ಲಿಯನ್ನು ಬಿಟ್ಟು ಕೋಸಂಬರಿಯನ್ನೋ ಹೆಸರುಕಾಳಿನ ಉಸಲಿಯನ್ನೋ ಒಂದು ಬಟ್ಟಲು ಗಟ್ಟಿ ಬೇಳೆಯ ಸಾಂಬಾರನ್ನೋ ಸೇರಿಸಿಕೊಳ್ಳಲಿ. ಉದ್ದಿನವಡೆಯಲ್ಲಿ ಸಸಾರಜನಕ ಇರುವುದು ನಿಜ. ಎಣ್ಣೆಯೂ ಅಷ್ಟೇ ನಿಜ. ಆದುದರಿಂದ ಅದು ವಾರಕ್ಕೊಮ್ಮೆಯ ಅತಿಥಿಯಾಗಿರಲಿ. ಬೆಂಗಳೂರಿನ ಹೋಟಲುಗಳ ಸಾಂಬಾರಿನಲ್ಲಿ ಬೆಲ್ಲದ ಕೈ ಧಾರಾಳವೆಂಬುದನ್ನು ನಾಲಗೆಯೇ ಹೇಳುತ್ತದೆ. ಅಂತಹ ಕಡೆ ಸಾಂಬಾರಿನಲ್ಲಿ ಇಡ್ಲಿಯನ್ನು ಮುಳುಗಿಸಿ ತಿನ್ನುವುದಕ್ಕಿಂತ ಚಟ್ನಿಯ ಸಹವಾಸವೇ ಲೇಸು.

ಮೂರನೆಯದು: ತಿನ್ನುವ ಅನುಕ್ರಮ. ನ್ಯೂಯಾರ್ಕಿನ ವೈದ್ಯಕೀಯ ಕಾಲೇಜೊಂದರ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಸಣ್ಣದೊಂದು ಪ್ರಯೋಗದಲ್ಲಿ, 11 ಮಂದಿ ಮಧುಮೇಹಿಗಳಿಗೆ ಅದೇ ಊಟವನ್ನು ಎರಡು ಬಗೆಯಾಗಿ ಬಡಿಸಿದರು. ತರಕಾರಿಯನ್ನೂ ಸಸಾರಜನಕವನ್ನೂ ಮೊದಲು ತಿಂದು ರೊಟ್ಟಿಯನ್ನು ಕೊನೆಗೆ ತಿಂದ ದಿನ, ರೊಟ್ಟಿಯನ್ನು ಮೊದಲು ತಿಂದ ದಿನಕ್ಕಿಂತ, ಸಕ್ಕರೆಯ ಏರಿಕೆ ಗಣನೀಯವಾಗಿ ಕಡಮೆಯಿತ್ತು. ನಮ್ಮ ಬಾಳೆಯೆಲೆಯ ಊಟದಲ್ಲಿ ಅನ್ನಕ್ಕೆ ಮುಂಚೆ ಕೋಸಂಬರಿ ಪಲ್ಯಗಳು ಬಂದು ಕುಳಿತಿರುತ್ತವೆ. ಆದರೆ ಅವನ್ನು ಮುಟ್ಟದೆ ಅನ್ನಕ್ಕಾಗಿ ಕಾಯುವವರೇ ಹೆಚ್ಚು. ಕಾಯುವ ಬದಲು ತಿಂದುಬಿಟ್ಟರೆ ಸಾಕು, ಪ್ರಯೋಗದ ಫಲ ಕೈಸೇರುತ್ತದೆ.

ನಾಲ್ಕನೆಯದು: ನಡಿಗೆಯನ್ನು ಎರಡು ಪಾಲು ಮಾಡುವುದು. ಬೆಳಗ್ಗೆ ಒಂದು ಗಂಟೆ ನಡೆದು, ದರ್ಶಿನಿಯಲ್ಲಿ ತಿಂಡಿ ತಿಂದು, ಆಟೋ ಹತ್ತಿ ಮನೆಗೆ ಬರುವವರನ್ನು ಕಾಣುತ್ತೇವೆ. ಸ್ನಾಯುಗಳು ದುಡಿಯುವಾಗ ರಕ್ತದ ಸಕ್ಕರೆಯನ್ನು ತಾವಾಗಿಯೇ ಸೆಳೆದುಕೊಳ್ಳುತ್ತವೆ. ಆದುದರಿಂದ ತಿಂದ ಮೇಲಿನ ಹತ್ತು ಹದಿನೈದು ನಿಮಿಷಗಳ ನಡಿಗೆಗೆ ವಿಶೇಷ ಬೆಲೆಯಿದೆ. ಮುಂಚಿನ ನಡಿಗೆಯಿಂದ ಅಷ್ಟನ್ನು ಉಳಿಸಿಟ್ಟು ತಿಂಡಿಯ ನಂತರಕ್ಕೆ ಇಟ್ಟುಕೊಂಡರಾಯಿತು.

ಐದನೆಯದು ಬೆಂಗಳೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ: ಬೈ-ಟು. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಈ ಪದ್ಧತಿಯು ಮಧುಮೇಹಿಗಾಗಿಯೇ ಹುಟ್ಟಿದಂತಿದೆ. ಕಾಫಿಗೆ ಮಾತ್ರವೇಕೆ, ಬಿಸಿಬೇಳೆ ಭಾತಿಗೂ ದೋಸೆಗೂ ಅದು ಸಲ್ಲುತ್ತದೆ. ಆದರೆ ಬೈ-ಟು ಎಂಬ ಸಮಾಧಾನದಲ್ಲಿ ದಿನಕ್ಕೆ ಆರು ಸಾರಿ ಕುಡಿದರೆ, ಪೂರ್ಣವಾಗಿ ಮೂರು ಲೋಟ ಕುಡಿದಂತೆಯೇ ಎಂಬುದನ್ನು ಮರೆಯಬಾರದು.

ಕೆಲವು ಭ್ರಮೆಗಳು

ಸಕ್ಕರೆಯ ಕಾಫಿಯನ್ನು ಬಿಟ್ಟು ಬೆಲ್ಲದ ಕಾಫಿಗೆ ತಿರುಗಿ, ಪಥ್ಯ ಮಾಡಿದೆವೆಂದು ತೃಪ್ತಿಪಡುವವರು ಹಲವರು. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಸಕ್ಕರೆಯೇ. ಜೇನುತುಪ್ಪದ ಮಾತೂ ಬೇರೆಯಲ್ಲ. ರವೆ ಇಡ್ಲಿ ಗೋಧಿಯದು, ಆದುದರಿಂದ ಅಕ್ಕಿಯ ಇಡ್ಲಿಗಿಂತ ಒಳ್ಳೆಯದು ಎಂಬುದು ಇನ್ನೊಂದು ನಂಬಿಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವಾದಾಗ ಬೆಂಗಳೂರಿನ ಎಂ.ಟಿ.ಆರ್. ಹೋಟಲಿನವರು ಇದನ್ನು ಬಳಕೆಗೆ ತಂದರೆಂದು ಪ್ರಸಿದ್ಧಿ. ಹುಟ್ಟಿಗೆ ಕಾರಣ ಅಭಾವ, ಪಥ್ಯವಲ್ಲ. ರವೆ ಎಂಬುದು ಹೊಟ್ಟು ಕಳೆದ ಗೋಧಿ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಹೆಚ್ಚೆಂಬುದು ದಿಟವಾದರೂ, ನುಣ್ಣನೆಯ ರಾಗಿ ಹಿಟ್ಟಿನ ತೆಳ್ಳನೆಯ ಗಂಜಿಯು ಸಕ್ಕರೆಯನ್ನು ಬೇಗ ಏರಿಸಬಲ್ಲುದು. ಹೆಸರನ್ನು ನೋಡಿ ಮೋಸಹೋಗದೆ ಪ್ರಮಾಣವನ್ನೂ ರೂಪವನ್ನೂ ನೋಡಬೇಕು.

ಮನೆಯ ಕಿರಿಯರೊಡನೆ ಬರ್ಗರಿನ ಅಂಗಡಿಗೆ ಹೋಗಬೇಕಾಗಿ ಬಂದ ಅಜ್ಜ ಅಜ್ಜಿಯರೂ ಗಾಬರಿಯಾಗಬೇಕಾಗಿಲ್ಲ. ಅಲ್ಲಿ ಮುಖ್ಯ ಶತ್ರು ಬರ್ಗರಲ್ಲ, ಅದರ ಜೊತೆಗೆ ಅಗ್ಗದಲ್ಲಿ ಕೊಡುವ ಸಿಹಿ ಪಾನೀಯ ಮತ್ತು ಕರಿದ ಆಲೂಗೆಡ್ಡೆ. ಎರಡನ್ನೂ ಬಿಟ್ಟು ಚಿಕ್ಕ ಬರ್ಗರೊಂದನ್ನು ನೀರಿನೊಂದಿಗೆ ತಿಂದರೆ ಅನಾಹುತವೇನೂ ಇಲ್ಲ. ಬೀದಿಯ ಗೋಬಿ ಮಂಚೂರಿಯ ಹೆಸರಿನಲ್ಲಿ ಹೂಕೋಸಿದ್ದರೂ, ಮೈಗೆ ಹಿಟ್ಟು, ಒಳಗೆ ಎಣ್ಣೆ, ಮೇಲೆ ಸಿಹಿ ಸಾಸು. ಅದನ್ನು ತರಕಾರಿಯ ಲೆಕ್ಕಕ್ಕೆ ಬರೆಯಲಾಗದು.

ತನ್ನ ಮೈಗೆ ಯಾವುದು ಒಗ್ಗುತ್ತದೆಂದು ಅರಿಯಲು ಮನೆಯಲ್ಲಿಯೇ ದಾರಿಯಿದೆ. ಬೆರಳ ತುದಿಯ ಹನಿ ರಕ್ತದಿಂದ ಸಕ್ಕರೆಯನ್ನು ಅಳೆಯುವ ಗ್ಲೂಕೋಮೀಟರು ಈಗ ಅನೇಕರ ಮನೆಗಳಲ್ಲಿದೆ. ಒಂದು ದಿನ ಎಂದಿನಂತೆ ತಿಂದು, ತಿನ್ನಲು ತೊಡಗಿದ ಎರಡು ಗಂಟೆಗೆ ಅಳೆಯಿರಿ. ಇನ್ನೊಂದು ದಿನ ಮೇಲೆ ಹೇಳಿದ ಕ್ರಮದಲ್ಲಿ ತಿಂದು ಅದೇ ಹೊತ್ತಿಗೆ ಅಳೆಯಿರಿ. ಬಹುಮಂದಿ ವಯಸ್ಕ ಮಧುಮೇಹಿಗಳಿಗೆ ಊಟದ ನಂತರದ ಸಕ್ಕರೆ 180ರೊಳಗಿರಬೇಕೆಂಬುದು ಸಾಮಾನ್ಯವಾದ ಗುರಿ. ವಯಸ್ಸನ್ನೂ ಇತರ ರೋಗಗಳನ್ನೂ ನೋಡಿ ವೈದ್ಯರು ಬೇರೆ ಗುರಿ ಹೇಳಿದ್ದರೆ ಅದೇ ಪ್ರಮಾಣ. ಗರ್ಭಿಣಿಯರೂ ಇನ್ಸುಲಿನ್ ಪಡೆಯುವ ಮಕ್ಕಳೂ ಮೂತ್ರಪಿಂಡದ ತೊಂದರೆಯುಳ್ಳವರೂ ತಮ್ಮ ವೈದ್ಯರನ್ನು ಕೇಳದೆ ಇಂತಹ ಬದಲಾವಣೆಗಳಿಗೆ ಕೈಹಾಕಬಾರದು.

ಇಳಿದರೂ ಅಪಾಯ

ಸಕ್ಕರೆ ಏರುವುದೊಂದೇ ಭಯವೆಂದು ನಾವು ತಿಳಿದಿದ್ದೇವೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗುವವರಿಗೆ, ಅದು ಇಳಿಯುವ ಭಯವೂ ಇದೆ. ಮತ್ತು ಇದು ನಿಮಿಷಗಳ ವಿಷಯ. ಉಪವಾಸ ಮಾಡಿದವನು ಯೋಗಿ ಎಂಬ ಗಾದೆ ಇವರಿಗೆ ಅನ್ವಯಿಸದು. ಮೊಬೈಲಿನಲ್ಲಿ ತಿಂಡಿಯನ್ನು ತರಿಸಲು ಹೇಳಿದೊಡನೆ ಔಷಧ ತೆಗೆದುಕೊಂಡು, ವಾಹನಗಳ ನೂಕುನುಗ್ಗಲಿನಲ್ಲಿ ತಿಂಡಿ ಒಂದು ಗಂಟೆ ತಡವಾದರೆ, ಆ ಒಂದು ಗಂಟೆಯಲ್ಲಿ ಔಷಧ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಹೊರಗಿನ ತಿಂಡಿಯ ದಿನ ಔಷಧವನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರಲ್ಲಿ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

ಇದ್ದಕ್ಕಿದ್ದಂತೆ ಬೆವರು, ಕೈನಡುಕ, ಎದೆಬಡಿತ, ತಾಳಲಾರದ ಹಸಿವು, ಕಣ್ಣು ಮಂಜು, ತೊದಲು ಮಾತು, ಕಾರಣವಿಲ್ಲದ ಸಿಡುಕು ಕಂಡರೆ ಮನೆಯವರು ಎಚ್ಚರಗೊಳ್ಳಬೇಕು. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. 15 ನಿಮಿಷಗಳ ಮೇಲೆ ಮತ್ತೆ ಅಳೆಯಿರಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಸರಿಹೋದ ಮೇಲೆ ತಿಂಡಿ ಕೊಡಿ. ಅಳೆಯುವ ಯಂತ್ರ ಹತ್ತಿರವಿಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ. ಈ ಹೊತ್ತಿನಲ್ಲಿ ಮೈಸೂರುಪಾಕು ಸಲ್ಲದು. ತುಪ್ಪ ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ‘ಡಯಟ್’ ಪಾನೀಯ ಕೊಟ್ಟರಂತೂ ನೀರು ಕೊಟ್ಟಂತೆಯೇ. ವೋಗ್ಲಿಬೋಸ್ ಎಂಬ ಮಾತ್ರೆಯನ್ನು ಸೇವಿಸುವವರಿಗೆ ಸಕ್ಕರೆಯ ಬದಲು ಗ್ಲೂಕೋಸ್ ಪುಡಿಯನ್ನೇ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು.

ಗುಟ್ಟಿನ ಬೆಲೆ

ಈಗ ಆ ಮಸಾಲೆದೋಸೆಯ ಗುಟ್ಟಿಗೆ ಹಿಂದಿರುಗೋಣ. ಯಜಮಾನರು ಕದ್ದು ತಿನ್ನುತ್ತಾರೆ. ವೈದ್ಯರ ಮುಂದೆ “ಪಥ್ಯದಲ್ಲಿಯೇ ಇದ್ದೇನೆ” ಎನ್ನುತ್ತಾರೆ. ವರದಿಯಲ್ಲಿ ಸಕ್ಕರೆ ಹೆಚ್ಚು. ಪಥ್ಯ ಮಾಡಿಯೂ ಇಷ್ಟಿದೆಯೆಂದರೆ ಔಷಧ ಸಾಲದೆಂದು ವೈದ್ಯರು ಎಣಿಸುವುದು ಸಹಜ, ಪ್ರಮಾಣ ಏರುತ್ತದೆ. ಆ ಹೊಸ ಪ್ರಮಾಣವು ಮನೆಯ ಒಂದು ಇಡ್ಲಿಗೂ ದರ್ಶಿನಿಯ ದೋಸೆಗೂ ಸೇರಿದ್ದು. ಮುಂದೊಂದು ದಿನ ಮಳೆ ಬಂದೋ, ಸ್ನೇಹಿತರು ಬಾರದೆಯೋ, ದೋಸೆ ತಪ್ಪುತ್ತದೆ. ಮನೆಯಲ್ಲಿ ಅದೇ ಒಂದು ಇಡ್ಲಿ. ಸ್ನಾನಕ್ಕೆ ಹೋದವರು ಬಚ್ಚಲಿನಲ್ಲಿಯೇ ತಲೆ ತಿರುಗಿ ಬೀಳುತ್ತಾರೆ. ಔಷಧ ತಪ್ಪಲ್ಲ, ವೈದ್ಯರು ತಪ್ಪಲ್ಲ. ಲೆಕ್ಕದ ಪುಸ್ತಕದಲ್ಲಿ ಒಂದು ಬಾಬ್ತನ್ನು ಬರೆಯದೆ ಬಿಟ್ಟಿತ್ತು, ಅಷ್ಟೆ.

ಗುಟ್ಟಿಗೆ ಕಾರಣ ತಿನ್ನುವವರೊಬ್ಬರೇ ಅಲ್ಲ. ಪ್ರತಿ ತುತ್ತಿಗೂ ಲೆಕ್ಕ ಕೇಳುವ, ನೆಂಟರ ಮುಂದೆ “ಇವರಿಗೆ ಹಾಕಬೇಡಿ, ಸಕ್ಕರೆ” ಎಂದು ಕೂಗಿ ಹೇಳುವ ಮನೆಯಲ್ಲಿ ಕಳ್ಳತನ ಹುಟ್ಟದೆ ಇನ್ನೇನು ಹುಟ್ಟೀತು? ಅರುವತ್ತು ವರ್ಷ ರುಚಿಯಾಗಿ ಉಂಡ ನಾಲಗೆಗೆ ಒಂದೇ ದಿನದಲ್ಲಿ ಸನ್ಯಾಸ ಕೊಡಿಸಲಾಗದು. ಮನೆಮಂದಿಯೆಲ್ಲ ಒಪ್ಪಿ ವಾರದಲ್ಲಿ ಒಂದು ದಿನವನ್ನು ದರ್ಶಿನಿಗೆಂದು ಗೊತ್ತುಮಾಡಲಿ. ಆ ದಿನ ಏನು ತಿಂದರು, ಎರಡು ಗಂಟೆಯ ಮೇಲೆ ಸಕ್ಕರೆ ಎಷ್ಟಿತ್ತು ಎಂಬುದನ್ನು ಸಣ್ಣ ಪುಸ್ತಕವೊಂದರಲ್ಲಿ ಗುರುತುಹಾಕಿ, ಮುಂದಿನ ಭೇಟಿಯಲ್ಲಿ ವೈದ್ಯರ ಮುಂದಿಡಲಿ. ಅಂಕೆ ಹೆಚ್ಚಿದ್ದರೆ ಗದರಬೇಡಿ, ಅದರ ಮೇಲೆ ಬಣ್ಣ ಬಳಿಯಲೂ ಬೇಡಿ.

ಎಲ್ಲರ ಕಣ್ಣೆದುರು ತಿಂದ ಅರ್ಧ ದೋಸೆಯನ್ನು ವೈದ್ಯರು ಸಂಭಾಳಿಸಬಲ್ಲರು. ಬಚ್ಚಿಟ್ಟ ಅರ್ಧ ದೋಸೆಯನ್ನು ಎಂತಹ ಧನ್ವಂತರಿಯೂ ಸಂಭಾಳಿಸಲಾರ. ಆದುದರಿಂದ ತಿಂದ ಬಾಯಿಯೇ ತಿಂದುದನ್ನು ಹೇಳಲಿ. ಕೇಳುವ ಕಿವಿಗಳು ಸ್ವಲ್ಪ ಸೈರಣೆಯಿಂದ ಕೇಳಲಿ.